ಹೊಳೆದಂಡೆಯ ಕೌದಿ, ಕೋಣೆಯ ಗೋಡೆಗೆ

ಮಹಾನವಮಿಗೆ ವಾರ-ಹತ್ತು ದಿನ ಇರುವಾಗಲೇ ತುಂಗಭದ್ರೆಯ ದಂಡೆಯ ಊರುಗಳಲ್ಲಿ ಹಾಸಿಗೆ ಒಗೆಯುವ ಗದ್ದಲ ಎದ್ದುಬಿಡುತ್ತದೆ. ಮನೆಗೆ ಸುಣ್ಣ ಬಳಿಯುವ ಮೊದಲು ಒಳಗಿನ ಹಾಸು-ಹೊದಿಕೆಯೆಲ್ಲ ಹೊರಗೆ ಬರಬೇಕು. ವರ್ಷವಿಡೀ ಮೈಗೆ ಹತ್ತಿಕೊಂಡಿದ್ದ, ಹಳೆಯ ಬಟ್ಟೆಯ ಪದರಗಳನ್ನು ಸೇರಿಸಿ ಹೊಲಿದ ಕೌದಿಗಳು ಬಂಡಿಯಲ್ಲೋ ಟ್ರ್ಯಾಕ್ಟರಿನಲ್ಲೋ ತಲೆಹೊರೆಯಲ್ಲೋ ಹೊಳೆಗೆ, ಇಲ್ಲವೆ ಕಾಲುವೆಗೆ ಹೋಗಬೇಕು. ನೀರು ಕುಡಿದ ಕೌದಿಯನ್ನು ಒಬ್ಬರೇ ಎತ್ತಲಾಗದು. ಇಬ್ಬರು ಎರಡು ತುದಿ ಹಿಡಿದು ಹಿಂಡಿ ಬಂಡೆಗಲ್ಲಿನ ಮೇಲೆ ಹರವುತ್ತಾರೆ. ಬಿಸಿಲೇರುವ ಹೊತ್ತಿಗೆ ದಂಡೆಯುದ್ದಕ್ಕೂ ಕೆಂಪು, ಹಳದಿ, ಗಿಳಿಹಸಿರು ಬಣ್ಣದ ಚೌಕಗಳು. ಹೆಂಗಸರ ಕಣ್ಣು ಅಲ್ಲಿ ಸುಮ್ಮನಿರುವುದಿಲ್ಲ. ಯಾರ ಹೊಲಿಗೆ ನೆಟ್ಟಗಿದೆ, ಯಾರದು ಡೊಂಕು, ಯಾರು ಅಂಚಿಗೆ ಹೊಸ ಬಟ್ಟೆ ಹಾಕಿದ್ದಾರೆ ಎಂಬ ಪರೀಕ್ಷೆ ನಡೆದೇ ಇರುತ್ತದೆ. “ಯಕ್ಕಾ, ಈ ಹಸ್ರು ತುಂಡು ನಿಮ್ಮವ್ವನ ಸೀರಿದಲ್ಲೇನು?” ಎಂಬಂಥ ಒಂದು ಮಾತಿಗೆ ಒಂದು ಮನೆತನದ ಕಥೆ ಬಿಚ್ಚಿಕೊಳ್ಳುತ್ತದೆ.

ಇಂದು ಬೆಂಗಳೂರಿನ ಫ್ಲ್ಯಾಟುಗಳಲ್ಲಿ, ಹುಬ್ಬಳ್ಳಿ-ಬಳ್ಳಾರಿಯ ಹೊಸ ಮನೆಗಳಲ್ಲಿ ಮಲಗುವ ಕೋಣೆಯನ್ನೇ ಬದಲಾಯಿಸಿ, ಗೋಡೆಯ ಬಣ್ಣ ತಿಳಿ ಮಾಡಿ, ಮಂಚದ ಮೇಲೋ ಗೋಡೆಯ ಮೇಲೋ ಅಜ್ಜಿಯ ಕೌದಿಯನ್ನು ಹರವುವವರು ಕಾಣಸಿಗುತ್ತಾರೆ. ಇದನ್ನು ಪಟ್ಟಣದವರ ಹೊಸ ಖಯಾಲಿ ಎಂದು ತಳ್ಳಿಹಾಕುವುದು ಸುಲಭ. ಆದರೆ ಕೌದಿಯನ್ನು ಹೊಲಿದವರು ಅದನ್ನು ನಾಲ್ಕು ಜನ ನೋಡಲಿ ಎಂದೇ ಹೊಲಿದರು. ಬರೀ ಚಳಿಗೆ ಆಗಿದ್ದರೆ ಬಣ್ಣ ಹೊಂದಿಸುವ, ಚೌಕದೊಳಗೆ ತ್ರಿಕೋನ ಕೂರಿಸುವ ಕಷ್ಟ ಯಾರೂ ಪಡಬೇಕಿರಲಿಲ್ಲ.

ಸಿರುಗುಪ್ಪಕ್ಕೆ ಸಮೀಪದ ಕೆಂಚನಗುಡ್ಡ ಇಂಥದೊಂದು ದಂಡೆಯ ಊರು. ಹಳೆಯ ಕೋಟೆಯ ಅವಶೇಷ, ರಾಘವೇಂದ್ರ ಸ್ವಾಮಿಗಳ ಮಠದ ಪರಂಪರೆಗೆ ಸೇರಿದ ವಸುಧೇಂದ್ರ ತೀರ್ಥರ ವೃಂದಾವನ, ವಿಜಯನಗರದ ಅರಸರ ಕಾಲದಲ್ಲಿ ಹೊಳೆಗೆ ಅಡ್ಡಗಟ್ಟೆ ಹಾಕಿ ಈ ಸೀಮೆಗೆ ತಂದ ಸಿರುಗುಪ್ಪ, ದೇಶನೂರು ಕಾಲುವೆಗಳು: ಚರಿತ್ರೆ ಎಂದರೆ ಇವನ್ನು ತೋರಿಸುತ್ತಾರೆ. ಕೌದಿಗೆ ಅಂಥ ಸಾಕ್ಷಿ ಇಲ್ಲ. ಹರಿದ ಕೌದಿಯನ್ನು ಬಿಸಾಡುವುದಿಲ್ಲ, ಹೊಸ ಕೌದಿಯ ಹೊಟ್ಟೆಯೊಳಗೆ ಹಾಕಿ ಹೊಲಿದುಬಿಡುತ್ತಾರೆ. ಹಾಗಾಗಿ ತುಂಬ ಹಳೆಯ ಕೌದಿ ಕೈಗೆ ಸಿಗುವುದು ಅಪರೂಪ. ಅಜ್ಜಿಯದು ಮೊಮ್ಮಗಳ ಕೌದಿಯ ಒಳಪದರವಾಗಿ, ಕಣ್ಣಿಗೆ ಕಾಣದಂತೆ ಉಳಿದಿರುತ್ತದೆ.

ಅರಸರ ಹಾಸಿಗೆಗೆ ಮಾತ್ರ ಬರೆದಿಟ್ಟವರಿದ್ದಾರೆ. ಇದೇ ಹೊಳೆಯ ಮೇಲ್ದಂಡೆಯ ಹಂಪೆಗೆ 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಕೃಷ್ಣದೇವರಾಯನ ಅರಮನೆಯ ಕೆಲವು ಕೋಣೆಗಳನ್ನು ನೋಡಿದ. ಬೆಳ್ಳಿಯ ಸರಪಳಿಯಲ್ಲಿ ತೂಗುಹಾಕಿದ ಮಂಚ, ಇನ್ನೊಂದು ಕೋಣೆಯಲ್ಲಿ ಚಿನ್ನದ ಸರಪಳಿಯ ಮಂಚ, ಮತ್ತೊಂದು ಕಡೆ ಸುತ್ತಲೂ ಗೇಣಗಲ ಮುತ್ತಿನ ಅಂಚಿದ್ದ ಕಪ್ಪು ಸ್ಯಾಟಿನ್ ಹಾಸಿಗೆ, ಅದರ ಮೇಲೆ ಎರಡು ದಿಂಬು. ಹಾಸಿಗೆಯ ಮೇಲೆ ಬೇರೆ ಹೊದಿಕೆ ಇರಲಿಲ್ಲ ಎಂಬುದನ್ನೂ ಅವನು ಗಮನಿಸಿ ಬರೆದಿದ್ದಾನೆ. ನೋಡಲೆಂದೇ ಸಿಂಗರಿಸಿದ ಮಲಗುವ ಕೋಣೆಯ ಇಷ್ಟು ಹಳೆಯ, ಇಷ್ಟು ವಿವರವಾದ ವರ್ಣನೆ ಈ ಸೀಮೆಯಲ್ಲಿ ಮತ್ತೊಂದು ಸಿಗುವುದು ಕಷ್ಟ.

ರೈತನ ಮನೆಯಲ್ಲಿ ಮಲಗುವ ಕೋಣೆ ಎಂಬುದೇ ಬೇರೆಯಾಗಿ ಇರಲಿಲ್ಲ. ಬಳ್ಳಾರಿ ಸೀಮೆಯದು ಮಣ್ಣಿನ ಮಾಳಿಗೆ ಮನೆ: ದಪ್ಪ ಗೋಡೆ, ಮೇಲೆ ಸವುಳು ಮಣ್ಣು ಹಾಸಿದ ಸಪಾಟು ಮಾಳಿಗೆ, ಬೆಳಕಿಗೆ ಒಂದೆರಡು ಬೆಳಕಿಂಡಿ. ಹಗಲು ಕಾಳು ಹಸನು ಮಾಡುವ ಪಡಸಾಲೆಯೇ ರಾತ್ರಿ ಮಲಗುವ ಜಾಗ. ಬೇಸಿಗೆಯಲ್ಲಿ ಎಲ್ಲರೂ ಮಾಳಿಗೆಯ ಮೇಲೆ. ಬೆಳಗಾದರೆ ಹಾಸಿಗೆ ಸುತ್ತಿಡಬೇಕು, ಇಲ್ಲದಿದ್ದರೆ ಕಾಲಿಡಲು ಜಾಗವಿಲ್ಲ. ಮಡಿಸಿದ ಕೌದಿಗಳು ಗೋಡೆಯಿಂದ ಗೋಡೆಗೆ ಕಟ್ಟಿದ ಗಳದ ಮೇಲೆ ಸಾಲಾಗಿ ಕೂರುತ್ತಿದ್ದವು, ಇಲ್ಲವೆ ಪೆಟ್ಟಿಗೆಯ ಮೇಲೆ ಒಂದರ ಮೇಲೊಂದು ಪೇರಿಸಿಕೊಳ್ಳುತ್ತಿದ್ದವು. ಸುಣ್ಣದ ಬಿಳಿ ಗೋಡೆ, ಕೆಳಗೆ ಕೆಮ್ಮಣ್ಣಿನ ಪಟ್ಟಿ, ಗಳದ ಮೇಲೆ ಬಣ್ಣಬಣ್ಣದ ಮಡಿಕೆಗಳು. ಬೀಗರು ಬಂದರೆ ಗಳದ ಕೊನೆಯಲ್ಲಿದ್ದ ಹೊಸ ಕೌದಿ ಇಳಿಯುತ್ತಿತ್ತು. ಮನೆಯವರು ಹಳೆಯದನ್ನೇ ಹೊದೆಯುತ್ತಿದ್ದರು. ಆ ಮನೆಗೆ ಅದೇ ಅಲಂಕಾರ, ಅದೇ ಮರ್ಯಾದೆ.

ಇಲ್ಲೊಂದು ವಿಚಿತ್ರ ಗಮನಿಸಬೇಕು. ಕೆಂಚನಗುಡ್ಡ, ಸಿರುಗುಪ್ಪ, ಕುರುಗೋಡು, ಆದವಾನಿ ಎಲ್ಲವೂ ಎರೆಭೂಮಿಯ ಹತ್ತಿ ಸೀಮೆ. ಮದ್ರಾಸ್ ಪ್ರಾಂತ್ಯದ ಕಾಲದಲ್ಲಿ ಬಳ್ಳಾರಿ, ಕರ್ನೂಲು ಭಾಗದ ಹತ್ತಿಗೆ ಪೇಟೆಯಲ್ಲಿ ‘ವೆಸ್ಟರ್ನ್ಸ್’ ಎಂಬ ಹೆಸರಿತ್ತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ಬರುವುದು ನಿಂತಾಗ ಈ ಸೀಮೆಯ ಹತ್ತಿಗೂ ಬಂಗಾರದ ಬೆಲೆ ಬಂತು. 1871ರ ಹೊತ್ತಿಗೆ ಮದ್ರಾಸಿನಿಂದ ಹೊರಟ ರೈಲು ಆದವಾನಿಯ ಮೇಲೆ ಹಾದು ರಾಯಚೂರು ಮುಟ್ಟಿತು. 1906ರಲ್ಲಿ ಬಳ್ಳಾರಿ ಹತ್ತಿರದ ಹಗರಿಯಲ್ಲಿ ಕೃಷಿ ಸಂಶೋಧನಾ ಕೇಂದ್ರ ಶುರುವಾಯಿತು. ಇಷ್ಟೆಲ್ಲ ಹತ್ತಿಯ ನಡುವೆ ಬದುಕಿದವರ ಕೌದಿಯೊಳಗೆ ಮಾತ್ರ ಹಿಡಿ ಹತ್ತಿ ಇರುವುದಿಲ್ಲ! ಹತ್ತಿ ಎಂದರೆ ಕಂದಾಯ, ಸಾಲ, ಮಗಳ ಮದುವೆ. ಅದು ಅಂಡಿಗೆಯಾಗಿ ಪೇಟೆಗೆ ಹೋಗಬೇಕಿತ್ತು. ಮೈ ಬೆಚ್ಚಗಿಡಲು ಉಳಿಯುತ್ತಿದ್ದುದು ಉಟ್ಟು ಸವೆದ ಬಟ್ಟೆ. 1876-78ರ ಭೀಕರ ಬರ ಬಳ್ಳಾರಿ ಜಿಲ್ಲೆಯನ್ನು ಎಷ್ಟು ಹಿಂಡಿತೆಂದರೆ 1871 ಮತ್ತು 1881ರ ಜನಗಣತಿಗಳ ನಡುವೆ ಜಿಲ್ಲೆಯ ಜನಸಂಖ್ಯೆ ಐದರಲ್ಲೊಂದು ಪಾಲಿನಷ್ಟು ಕುಗ್ಗಿತ್ತು. ಅಂಥ ಕಾಲ ಕಂಡ ಮನೆಗಳಲ್ಲಿ ಗೇಣುದ್ದದ ಚಿಂದಿಯನ್ನೂ ಗಂಟುಕಟ್ಟಿ ಇಡುವ ಬುದ್ಧಿ ಬೇರೂರಿದ್ದರೆ ಆಶ್ಚರ್ಯವಿಲ್ಲ.

ಆ ಹಾಸಿಗೆಯ ಲೋಕದಲ್ಲಿ ಕೌದಿ ಒಂಟಿಯಾಗಿರಲಿಲ್ಲ. ಕೂಡ್ಲಿಗಿ ಕಡೆಯ ಕುರುಬರು ನೇಯ್ದ ಕರಿ ಕಂಬಳಿ ಹೊಲಕ್ಕೆ, ಮಳೆಗೆ. ಆದವಾನಿಯ ನೇಕಾರರ ಜಮಖಾನೆ ನೆಲಕ್ಕೆ, ಮದುವೆ ಚಪ್ಪರಕ್ಕೆ. ಇವೆರಡನ್ನೂ ದುಡ್ಡುಕೊಟ್ಟು ತರಬೇಕು. ಕೌದಿ ಮಾತ್ರ ಮನೆಯೊಳಗೇ ಹುಟ್ಟುತ್ತಿತ್ತು.

ಅದು ಹುಟ್ಟುವ ಬಗೆ ನೋಡಬೇಕು. ಸುಗ್ಗಿ ಮುಗಿದು ಹೊಲದ ಕೆಲಸ ಕಡಿಮೆಯಾದಾಗ, ಮಧ್ಯಾಹ್ನದ ಹೊತ್ತು ಪಡಸಾಲೆಯ ನೆಲ ಗುಡಿಸಿ ಹಳೆಯ ಸೀರೆಯೊಂದನ್ನು ಸುಕ್ಕಿಲ್ಲದಂತೆ ಹಾಸುತ್ತಾರೆ. ಮೂಲೆಗಳಿಗೆ ಗುಂಡುಕಲ್ಲಿನ ಭಾರ. ಅದರ ಮೇಲೆ ಸವೆದ ಧೋತರ, ಹರಿದ ಸೀರೆ, ತೇಪೆ ಹಾಕಿಯೂ ಆಗದ ಅಂಗಿ ಪದರಪದರವಾಗಿ ಬೀಳುತ್ತವೆ. ಪದರ ಎಲ್ಲಿಯೂ ದಪ್ಪ-ತೆಳು ಆಗಬಾರದು. ಹಾಗಾದರೆ ಮಲಗಿದವರಿಗೆ ಬೆನ್ನು ಒತ್ತುತ್ತದೆ, ಸೂಜಿಯೂ ಇಳಿಯುವುದಿಲ್ಲ. ಮೇಲ್ಮೈಗೆ ಗಟ್ಟಿಯಾದ, ಬಣ್ಣ ಉಳಿದ ತುಂಡುಗಳು. ಇಳಕಲ್ ಸೀರೆಯ ಕೆಂಪು ಸೆರಗು, ಗೋಮಿ ದಡಿ, ಗುಳೇದಗುಡ್ಡದ ಖಣದ ಕುಪ್ಪಸದ ತುಂಡು ಇದ್ದರೆ ಅವಕ್ಕೆ ನಡುವಿನ ಜಾಗ, ಇಲ್ಲವೆ ಅಂಚಿನ ಪಟ್ಟ. ದಡಿ ಸೀರೆಯಲ್ಲೇ ಗಟ್ಟಿಯಾದ ಭಾಗ, ಎಳೆದಾಟ ಹೆಚ್ಚಿರುವ ಕೌದಿಯ ಅಂಚಿಗೆ ಅದೇ ಸರಿ. ಚೆಂದ ಮತ್ತು ಬಾಳಿಕೆ ಇಲ್ಲಿ ಒಂದೇ ಲೆಕ್ಕದಲ್ಲಿ ಬರುತ್ತವೆ.

ಹೊಲಿಗೆ ಒಂದೇ ಬಗೆಯದು, ದಾರ ಕಾಣುವಂತೆ ಕೆಳಗೆ-ಮೇಲೆ ಓಡುವ ಸಾದಾ ಹೊಲಿಗೆ. ಒಂದು ಮೂಲೆಯಲ್ಲಿ ಹಿಡಿದು ಅಂಚಿನಗುಂಟ ಸುತ್ತು ಹಾಕುತ್ತ, ಬೆರಳಗಲ ಬಿಟ್ಟು ಮತ್ತೊಂದು ಸುತ್ತು, ಹೀಗೆ ಒಳಗೊಳಗೆ ಸಾಗಿ ನಡುವಿಗೆ ಬಂದು ನಿಲ್ಲುತ್ತದೆ. ಒಬ್ಬಳೇ ಕೂತರೆ ವಾರಗಟ್ಟಲೆ ಹಿಡಿಯುವ ಕೆಲಸ. ಓಣಿಯ ಹೆಂಗಸರು ಎದುರುಬದರಾಗಿ ಕೂತರೆ ಬೇಗ ಸರಿಯುತ್ತದೆ, ಆದರೆ ಒಬ್ಬೊಬ್ಬರ ಕೈ ಒಂದೊಂದು ಬಗೆ. ಬಿಗಿ ಕೈಯವಳ ಸಾಲು ಕುಗ್ಗಿರುತ್ತದೆ, ಸಡಿಲ ಕೈಯವಳದು ಉಬ್ಬಿರುತ್ತದೆ. ಬಲ್ಲವರು ಕೌದಿಯ ಮೇಲೆ ಅಂಗೈ ಸವರಿ ಇದನ್ನು ಹೇಳಬಲ್ಲರು. ಹೆರಿಗೆಗೆ ತವರಿಗೆ ಬಂದ ಮಗಳಿಗಾಗಿ ಹೊಲಿಯುವ ಕೂಸಿನ ಕೌದಿಯೇ ಎಲ್ಲಕ್ಕಿಂತ ಮೃದು. ತೊಳೆದು ತೊಳೆದು ಮೆತ್ತಗಾದ ಬಟ್ಟೆಯನ್ನು ಅದಕ್ಕೆಂದೇ ಆರಿಸಿಡುತ್ತಾರೆ, ಜೊತೆಗೆ ಕೂಸಿನ ತಲೆ ಮುಚ್ಚುವ ಒಂದು ಕುಂಚಿಗೆ.

ಹೊಲಿಯುವ ಪುರುಸೊತ್ತಿಲ್ಲದ ಮನೆಗಳಿಗೆ ಹೊಲಿದುಕೊಡುವವರಿದ್ದರು. ಉತ್ತರ ಕರ್ನಾಟಕದ ಉದ್ದಗಲಕ್ಕೂ ಗೊಂದಲಿಗ ಸಮುದಾಯದ ಹೆಂಗಸರು ಈ ಕೆಲಸದಲ್ಲಿ ಹೆಸರಾದವರು. ಬಟ್ಟೆ ಮನೆಯವರದು, ಕೈ ಅವರದು. ಊರಿಂದೂರಿಗೆ ಹೋಗುವ ಈ ಹೆಂಗಸರ ಮೂಲಕ ಒಂದು ಊರಿನ ಬಣ್ಣದ ಜೋಡಣೆ ಇನ್ನೊಂದು ಊರಿಗೆ ದಾಟಿರಬೇಕು. ಭಾಷೆಯ ಗಡಿ ಇದಕ್ಕೆ ಅಡ್ಡಿಯಾಗಿಲ್ಲ. ಇಲ್ಲಿ ಕೌದಿ, ಆಂಧ್ರದ ಕಡೆ ಬೊಂತ, ಮಹಾರಾಷ್ಟ್ರದಲ್ಲಿ ಗೋಧಡಿ. ಇನ್ನೂ ಆಚೆ ಸಿಂಧ್‌ನ ರಲ್ಲಿ, ಬಂಗಾಳದ ಕಾಂಥಾ.

1953 ಈ ಸೀಮೆಯ ಪಾಲಿಗೆ ಎರಡು ಕಾರಣಕ್ಕೆ ನೆನಪಿಡುವ ವರ್ಷ. ತುಂಗಭದ್ರಾ ಜಲಾಶಯದ ನೀರು ಕಾಲುವೆಗೆ ಬಂತು. ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯ ಸೇರಿತು. ಆದವಾನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಹತ್ತಿ, ಜೋಳದ ಹೊಲಗಳು ಭತ್ತದ ಗದ್ದೆಗಳಾದವು. ಆಂಧ್ರದಿಂದ ಬಂದ ರೈತರ ಕ್ಯಾಂಪುಗಳು ಎದ್ದವು, ಸಿರುಗುಪ್ಪ ಅಕ್ಕಿಗೆ ಹೆಸರಾಯಿತು. ವರ್ಷಕ್ಕೆ ಎರಡು ಬೆಳೆ ಎಂದ ಮೇಲೆ ಸುಗ್ಗಿಯ ನಂತರದ ಬಿಡುವು ಎಲ್ಲಿ? ನಾಟಿ, ಕಳೆ, ಕೊಯ್ಲು ಎಂದು ಹೆಂಗಸರ ದುಡಿಮೆ ವರ್ಷಪೂರ್ತಿ ಹರಡಿತು. ಮಾಳಿಗೆ ಮನೆಯ ಜಾಗಕ್ಕೆ ಆರ್‌ಸಿಸಿ ಮನೆ ಬಂತು, ಅದರೊಳಗೆ ಮಂಚವಿರುವ ‘ಬೆಡ್‌ರೂಮು’ ಬಂತು. ಗಳ ಹೋಯಿತು.

ಬಟ್ಟೆಯೂ ಬದಲಾಯಿತು. ನೂಲಿನ ಸೀರೆಯ ಬದಲು ಪಾಲಿಯೆಸ್ಟರ್ ಸೀರೆ ಬಂದಮೇಲೆ ಕೌದಿ ಮೊದಲಿನಂತಿಲ್ಲ ಎಂಬ ದೂರು ನಿಜವಾದದ್ದು. ಪಾಲಿಯೆಸ್ಟರ್ ಬೆವರು ಹೀರುವುದಿಲ್ಲ, ಪದರಗಳು ಒಂದರ ಮೇಲೊಂದು ಜಾರುತ್ತವೆ. ಅದರ ಬಣ್ಣ ಮಾತ್ರ ಬೇಗ ಮಾಸದು. ಜೀನ್ಸ್ ಹೊಲಿಗೆಗೆ ಹೆಸರಾದ ಬಳ್ಳಾರಿಯಲ್ಲಿ ಡೆನಿಮ್ ಚೂರುಗಳಿಗೆ ಬರವಿಲ್ಲ, ಆದರೆ ನಾಲ್ಕಾರು ಪದರ ಡೆನಿಮ್‌ನಲ್ಲಿ ಕೈಸೂಜಿ ಇಳಿಸುವುದು ಬೆರಳಿಗೆ ಶಿಕ್ಷೆ. ಅಷ್ಟರಲ್ಲಿ ಸೋಲಾಪುರದ ಚಾದರ, ಆಮೇಲೆ ನುಣುಪಾದ ಮಖಮಲ್ಲಿನಂಥ ರಗ್ಗು ಅಗ್ಗಕ್ಕೆ ಸಿಗತೊಡಗಿ, ಕೌದಿ ಬಡತನದ ಗುರುತಾಯಿತು. ಬೀಗರಿಗೆಂದು ಇಳಿಯುತ್ತಿದ್ದ ಹೊದಿಕೆ ಬೀಗರು ಬಂದಾಗ ಅಟ್ಟ ಸೇರತೊಡಗಿತು. ಕೌದಿಯ ಚರಿತ್ರೆಯಲ್ಲಿ ಇದಕ್ಕಿಂತ ನೋವಿನ ತಿರುವು ಬೇರಿಲ್ಲ.

ಅಟ್ಟ ಸೇರಿದ ಕೌದಿ ಈಗ ಗೋಡೆ ಹತ್ತಿದ್ದಕ್ಕೆ ಹೊರಗಿನ ಒಂದೆರಡು ಘಟನೆಗಳೂ ಕಾರಣ. 1971ರಲ್ಲಿ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂ ಅಮೆರಿಕದ ಹಳ್ಳಿಮನೆಗಳ ಕ್ವಿಲ್ಟು ಎಂಬ ಕೌದಿಯಂಥ ಹೊದಿಕೆಗಳನ್ನು ಚಿತ್ರಗಳಂತೆ ಬಿಳಿ ಗೋಡೆಗೆ ತೂಗುಹಾಕಿತು. ಹಾಸಿಗೆಯ ಮೇಲೆ ಮಲಗಿದ್ದ ಬಟ್ಟೆ ನಿಂತಾಗ ನೋಡುವವರ ಕಣ್ಣೇ ಬೇರೆಯಾಯಿತು. 2002ರಲ್ಲಿ ಅಲಬಾಮಾದ ಗೀಸ್ ಬೆಂಡ್ ಎಂಬ ಊರಿನ ಕಪ್ಪು ಹೆಣ್ಣುಮಕ್ಕಳ ಕ್ವಿಲ್ಟುಗಳು ದೊಡ್ಡ ಮ್ಯೂಸಿಯಂಗಳಿಗೆ ಬಂದವು. 2006ರಲ್ಲಿ ಅಮೆರಿಕದ ಅಂಚೆ ಚೀಟಿಗಳಲ್ಲೂ ಅಚ್ಚಾದವು. ಕರ್ನಾಟಕದ ಮಟ್ಟಿಗೆ ಈ ದಾರಿ ತೆರೆದವರು ಉತ್ತರ ಕನ್ನಡದ ಸಿದ್ದಿ ಹೆಂಗಸರು. ಯಲ್ಲಾಪುರ, ಹಳಿಯಾಳ, ಮುಂಡಗೋಡ ಭಾಗದ ಸಿದ್ದಿಯರ ಕೌದಿಗಳನ್ನು ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಅಧ್ಯಯನ ಮಾಡಿದರು. 2011ರಲ್ಲಿ ನ್ಯೂಯಾರ್ಕಿನ ಶೋಂಬರ್ಗ್ ಕೇಂದ್ರದಲ್ಲಿ ಅವುಗಳ ಪ್ರದರ್ಶನ ನಡೆಯಿತು. ಮೂಲೆಮೂಲೆಗೆ ಬಟ್ಟೆ ಮಡಿಸಿ ಕೂರಿಸುವ ‘ಫೂಲ’ವಿಲ್ಲದೆ ಸಿದ್ದಿಯರ ಕೌದಿ ಪೂರ್ತಿಯಾಗದು. ಕಾಡಿನಂಚಿನ ಮನೆಯಲ್ಲೂ ಅಲಂಕಾರ ಬಿಡಲಾಗದ ಕಟ್ಟಳೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಬಳ್ಳಾರಿ ಜಿಲ್ಲೆಯೊಳಗೆ ಸಂಡೂರಿನ ಉದಾಹರಣೆ ಕಣ್ಣೆದುರೇ ಇದೆ. ಸಂಡೂರು ಕುಶಲ ಕಲಾ ಕೇಂದ್ರದ ಮೂಲಕ ಲಂಬಾಣಿ ಕಸೂತಿಗೆ ಪೇಟೆ ಸಿಕ್ಕಿತು, ಭೌಗೋಳಿಕ ಸೂಚಕ ಮಾನ್ಯತೆ ಬಂತು. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಭೆ ನಡೆದಾಗ 1755 ಲಂಬಾಣಿ ಕಸೂತಿ ವಸ್ತುಗಳನ್ನು ಒಟ್ಟಿಗೆ ಪ್ರದರ್ಶಿಸಿ ಗಿನ್ನೆಸ್ ದಾಖಲೆ ಬರೆಯಲಾಯಿತು. ಸಿರುಗುಪ್ಪ, ಕುರುಗೋಡು ಕಡೆಯ ಕೌದಿಯೂ ಅಂಥ ಬೆಂಬಲಕ್ಕೆ ಅರ್ಹವಾದದ್ದು.

ಕೋಣೆಯಲ್ಲಿ ಕೌದಿ ತೋರಿಸಬೇಕೆನ್ನುವವರಿಗೆ ಹಳೆಯ ಮನೆಯೇ ಪಾಠ ಹೇಳುತ್ತದೆ. ಸುಣ್ಣದ ಬಿಳಿಯಂಥ ಸಾದಾ ಗೋಡೆ ಸಾಕು. ಹೂವಿನ ಪರದೆ, ಚಿತ್ತಾರದ ವಾಲ್‌ಪೇಪರ್ ಇದ್ದರೆ ಕೌದಿಯ ಬಣ್ಣ ಜಗಳಕ್ಕೆ ನಿಲ್ಲುತ್ತದೆ. ಮಂಚದ ಕಾಲುದೆಸೆಯಲ್ಲಿ ಒಂದು ಗಳ ಕಟ್ಟಿ ನಾಲ್ಕಾರು ಕೌದಿ ಮಡಿಸಿ ಹಾಕುವುದು ಗೋಡೆಗೆ ಹೊಡೆಯುವುದಕ್ಕಿಂತ ಲೇಸು. ತೂಗುಹಾಕಲೇಬೇಕೆಂದರೆ ಮೊಳೆ ಬೇಡ. ಹಿಂಬದಿಯ ಮೇಲಂಚಿಗೆ ಉದ್ದಕ್ಕೂ ಬಟ್ಟೆಯ ಪಟ್ಟಿ ಹೊಲಿದು, ಅದರೊಳಗೆ ಕೋಲು ತೂರಿಸಿದರೆ ಭಾರ ಸಮನಾಗಿ ಹಂಚಿಹೋಗುತ್ತದೆ; ಇಲ್ಲದಿದ್ದರೆ ಸವೆದ ಬಟ್ಟೆ ಮೊಳೆಯ ಜಾಗದಲ್ಲೇ ಸೀಳುತ್ತದೆ. ಕಿಟಕಿಯ ನೇರ ಬಿಸಿಲು ತಾಗಬಾರದು. ಕೆಲವು ತಿಂಗಳಿಗೊಮ್ಮೆ ಇಳಿಸಿ ಇನ್ನೊಂದನ್ನು ಏರಿಸಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡುವ ಬದಲು ಹಳೆಯ ಧೋತರದಲ್ಲಿ ಸುತ್ತಿ, ಬೇವಿನ ಎಲೆ ಹಾಕಿ, ಪ್ರತಿ ಸಲ ಬೇರೆ ಗೆರೆಯಲ್ಲಿ ಮಡಿಸಿದರೆ ಒಂದೇ ಮಡಿಕೆಯಲ್ಲಿ ಹರಿಯುವುದಿಲ್ಲ.

ಇದೆಲ್ಲಕ್ಕಿಂತ ಮುಖ್ಯವಾದ ಕೆಲಸ ಕೌದಿಯ ಹಿಂಬದಿಯಲ್ಲಿದೆ. ಗೀಸ್ ಬೆಂಡ್‌ನ ಪ್ರದರ್ಶನಗಳಲ್ಲಿ ಮೇರಿ ಲೀ ಬೆಂಡಾಲ್ಫ್‌ರಂಥ ಹೆಂಗಸರ ಹೆಸರು ಅವರವರ ಕ್ವಿಲ್ಟಿನ ಪಕ್ಕದಲ್ಲೇ ಇತ್ತು. ನಮ್ಮ ಅಂಗಡಿಗಳಲ್ಲಿ ಸಿಗುವ ಕೌದಿಗೆ ಬೆಲೆಚೀಟಿ ಇರುತ್ತದೆ, ಹೊಲಿದವಳ ಹೆಸರು ಸಾಮಾನ್ಯವಾಗಿ ಇರುವುದಿಲ್ಲ. ಕೊಳ್ಳುವವರು ಕೇಳಿ ತಿಳಿದುಕೊಳ್ಳಬೇಕು. ಮನೆಯದೇ ಆದರೆ ಅವ್ವನೋ ಅತ್ತೆಯೋ ಇನ್ನೂ ಹೇಳಬಲ್ಲವರಾಗಿರುವಾಗಲೇ ಕೇಳಬೇಕು: ಹೊಲಿದದ್ದು ಯಾರು, ಯಾವ ಊರಲ್ಲಿ, ಯಾವ ವರ್ಷ, ನಡುವಿನ ಕೆಂಪು ಸೆರಗು ಯಾರದು, ಒಳಗೆ ಯಾವ ಹಳೆಯ ಕೌದಿ ಇದೆ. ಅದನ್ನು ಒಂದು ಬಿಳಿ ಬಟ್ಟೆಯ ತುಂಡಿನ ಮೇಲೆ ದಾರದಿಂದಲೇ ಬರೆದು, ಹಿಂದಿನ ಕೆಳಮೂಲೆಗೆ ಹೊಲಿದಿಡಲು ಒಂದು ಮಧ್ಯಾಹ್ನ ಸಾಕು.