ಗೂಡಿಗೆ ಬೆಲೆ ಬಂದ ಬಗೆ

ಫಿಂಚ್ ಸಾಕಲು ಹೊರಟವರಿಗೆ ಹಳಬರು ಹೇಳುವ ಬುದ್ಧಿಮಾತುಗಳಲ್ಲಿ ಅರ್ಧಕ್ಕರ್ಧ ಗೂಡಿಗೆ ಸೇರಿದವು. ಮರಿ ಹಾರಿದ ಮೇಲೆ ಹಳೆಯ ನಾರು, ಹುಲ್ಲು ಎಲ್ಲವನ್ನೂ ತೆಗೆದುಹಾಕಿ; ಮಣ್ಣಿನ ಕುಡಿಕೆಯನ್ನು ಕುದಿನೀರಿನಲ್ಲಿ ತೊಳೆದು ಬಿಸಿಲಿಗಿಡಿ; ಮೊಟ್ಟೆ ಬಿದ್ದ ಮೇಲೆ ಪಂಜರದೊಳಗೆ ಹೊಸ ನಾರು ಹಾಕಬೇಡಿ; ಒಂದು ಜೋಡಿಯಿಂದ ವರ್ಷಕ್ಕೆ ಎರಡು ಮೂರು ಸಲಕ್ಕಿಂತ ಹೆಚ್ಚು ಮರಿ ಮಾಡಿಸಬೇಡಿ. ಕೇಳಿದರೆ ಇವೆಲ್ಲ ಹಕ್ಕಿ ಸಾಕಣೆಯಷ್ಟೇ ಹಳೆಯ ಮಾತುಗಳೆನಿಸುತ್ತವೆ. ಹಾಗಲ್ಲ. ನಮ್ಮಲ್ಲಿ ಪುಟ್ಟ ಹಕ್ಕಿಯನ್ನು ಪಂಜರದಲ್ಲಿಡುವ ರೂಢಿ ಬಹಳ ಹಳೆಯದು. ಅದರ ಗೂಡನ್ನು ಶುಚಿಯಾಗಿಡುವ ರೂಢಿ ಮಾತ್ರ ಈಚಿನದು. ಇದಕ್ಕೆ ಹಿಂದಿನವರ ಕಲ್ಲುಮನಸ್ಸೂ ಕಾರಣವಲ್ಲ, ಇಂದಿನವರ ಕರುಣೆಯೂ ಕಾರಣವಲ್ಲ. ಬಯಲಿನಿಂದ ಹಕ್ಕಿ ತರುವ ದಾರಿ ಮುಚ್ಚಿದ ಮೇಲೆಯೇ ಗೂಡಿಗೆ ಬೆಲೆ ಬಂತು ಎಂಬುದು ನನ್ನ ವಾದ.

ಈ ವಾದವನ್ನು ಒರೆಗೆ ಹಚ್ಚಲು ಬೆಂಗಳೂರಿನ ಬಾಗಲಗುಂಟೆ ತಕ್ಕ ನೆಲೆ. ಅದರ ಒಂದು ಮಗ್ಗುಲಲ್ಲಿ 1970ರ ದಶಕದಿಂದ ಬೆಳೆದ ಪೀಣ್ಯದ ಕಾರ್ಖಾನೆಗಳು. ಇನ್ನೊಂದು ಮಗ್ಗುಲಲ್ಲಿ ಹೆಸರಘಟ್ಟದ ರಸ್ತೆ. ಆ ರಸ್ತೆ ಹಿಡಿದು ಹೋದರೆ 1890ರ ದಶಕದಲ್ಲಿ ಅರ್ಕಾವತಿಗೆ ಅಡ್ಡ ಕಟ್ಟಿದ ಕೆರೆ, ಅದರ ಬಳಿಯ ಹುಲ್ಲುಗಾವಲು. ಹುಲ್ಲಿನ ಬೀಜ, ರಾಗಿ, ನವಣೆ ಹೆಕ್ಕಿ ಹಿಂಡುಹಿಂಡಾಗಿ ಬದುಕುವ ರಾಟವಾಳಗಳಿಗೆ ಇಂಥ ಬಯಲೇ ತವರು. ಇಂದು ಪಂಜರದಲ್ಲಿ ಕಾಣುವ ಜೀಬ್ರಾ ಫಿಂಚ್ ಮತ್ತು ಬೆಂಗಾಲೀಸ್ ಹಕ್ಕಿಗಳು ಇದೇ ರಾಟವಾಳಗಳ ಕುಟುಂಬಕ್ಕೆ ಸೇರಿದವು. ಹೀಗೆ ಹಿಡಿಯುತ್ತಿದ್ದ ಹಕ್ಕಿಯ ಬಯಲು, ಸಾಕುವ ಹಕ್ಕಿಯ ಮನೆ, ಎರಡೂ ಇಲ್ಲಿ ಒಂದೇ ರಸ್ತೆಯ ಮೇಲೆ ಸಿಗುತ್ತವೆ.

ಮೊದಲು ಹಿಡಿಯುತ್ತಿದ್ದ ಕಾಲವನ್ನು ನೋಡೋಣ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ ‘ಮಾನಸೋಲ್ಲಾಸ’ ಕೋಳಿ ಕಾಳಗ, ಲಾವುಗೆ ಕಾಳಗ, ಗಿಡುಗದ ಬೇಟೆಗಳನ್ನು ರಾಜವಿನೋದಗಳಾಗಿ ವಿವರಿಸುತ್ತದೆ. ಲಾವುಗೆ, ಗಿಡುಗಗಳ ಮೇಲಿನ ಈ ಆಸಕ್ತಿ ಹಿಡಿದು ಪಳಗಿಸಿದ ಹಕ್ಕಿಯ ಮೇಲಿನದು. ಈಚಿನ ಶತಮಾನಗಳಲ್ಲಿ ಬಲೆ ಬೀಸಿ ಹಕ್ಕಿ ಹಿಡಿಯುವುದನ್ನೇ ಕಸುಬಾಗಿಸಿಕೊಂಡ ಹಕ್ಕಿಪಿಕ್ಕಿಯಂಥ ಸಮುದಾಯಗಳು ಪೇಟೆಗೆ ಹಕ್ಕಿ ಒದಗಿಸಿದವು. ಬೆಂಗಳೂರಿನಲ್ಲಿ ಆ ಪೇಟೆಯೆಂದರೆ ಶಿವಾಜಿನಗರ, 1927ರಲ್ಲಿ ಕಟ್ಟಿದ ರಸೆಲ್ ಮಾರುಕಟ್ಟೆಯ ಸುತ್ತಿನ ಬೀದಿಗಳು. ಹಿಂಡಾಗಿ ಇಳಿಯುವ ರಾಟವಾಳ ಒಂದೇ ಬಲೆಗೆ ಹತ್ತಾರು ಬೀಳುತ್ತದೆ. ಹಾಗಾಗಿ ಅದು ಅಗ್ಗ. ಗಿರಾಕಿಯ ಕಣ್ಣಿಗೆ ಹೊಸದಾಗಿ ಕಾಣಲೆಂದು ಅದಕ್ಕೆ ಹಸಿರು, ಗುಲಾಬಿ ಬಣ್ಣ ಬಳಿದು ಮಾರುವುದೂ ದೇಶದ ಹಕ್ಕಿ ಪೇಟೆಗಳಲ್ಲಿ ನಡೆಯುತ್ತಿತ್ತು. ಹಿಡಿದ ಹಕ್ಕಿಗಳಲ್ಲಿ ಎಷ್ಟೋ ದಾರಿಯಲ್ಲೇ ಸಾಯುತ್ತಿದ್ದವು. ಉಳಿದದ್ದು ಮನೆಯಲ್ಲಿ ಸತ್ತರೆ ಇನ್ನೊಂದನ್ನು ತಂದರಾಯಿತು. ಇಂಥ ವ್ಯವಹಾರದಲ್ಲಿ ಪಂಜರಕ್ಕೆ ಕಾಳಿನ ಬಟ್ಟಲು ಬೇಕು, ನೀರಿನ ಲೋಟ ಬೇಕು, ಗೂಡು ಬೇಕಿಲ್ಲ. ಇಲ್ಲದ ಗೂಡನ್ನು ಯಾರು ತೊಳೆದಾರು?

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಈ ದಾರಿಯನ್ನು ಕಿರಿದಾಗಿಸಿತು; 1991ರ ತಿದ್ದುಪಡಿಯ ಹೊತ್ತಿಗೆ ನಾಡಹಕ್ಕಿಗಳನ್ನು ಹಿಡಿದು ಮಾರುವುದು ಕಾನೂನಿನ ಮಟ್ಟಿಗೆ ಮುಗಿದ ಕಥೆ. ಕಳ್ಳವ್ಯಾಪಾರ ನಿಲ್ಲಲಿಲ್ಲ, ಆದರೆ ಬಹಿರಂಗವಾಗಿ ಮಾರಬಹುದಾದ ಹಕ್ಕಿ ಬೇರೆಯಾಯಿತು: ಪಂಜರದಲ್ಲೇ ಹುಟ್ಟಿದ ಪರದೇಶಿ ತಳಿ. ಇದು ನಮ್ಮಲ್ಲಿ ಮಾತ್ರ ಆದದ್ದಲ್ಲ. ಆಸ್ಟ್ರೇಲಿಯಾ 1960ರಲ್ಲಿ ತನ್ನ ಹಕ್ಕಿಗಳ ರಫ್ತನ್ನು ನಿಲ್ಲಿಸಿದಾಗ, ಜೀಬ್ರಾ ಫಿಂಚನ್ನೂ ಗೌಲ್ಡಿಯನ್ ಫಿಂಚನ್ನೂ ಬಯಸುವ ಹೊರನಾಡಿನವರು ತಮ್ಮಲ್ಲಿದ್ದ ಜೋಡಿಗಳಿಂದಲೇ ಮರಿ ಪಡೆಯಬೇಕಾಯಿತು. ಇನ್ನೂ ಗಟ್ಟಿಯಾದ ಸಾಕ್ಷಿ ಜಪಾನಿನದು. ಬಿಳಿ ಬೆನ್ನಡಿಯ ರಾಟವಾಳ 18ನೇ ಶತಮಾನದಲ್ಲಿ ಚೀನಾದಿಂದ ಹಡಗಿನಲ್ಲಿ ಅಲ್ಲಿಗೆ ಹೋಯಿತು. ಕಡಲಾಚೆಯಿಂದ ಬಂದ ಹಕ್ಕಿ ಸತ್ತರೆ ಬದಲಿ ಸುಲಭವಲ್ಲ. ಜಪಾನೀಯರು ಅದನ್ನು ಪಂಜರದಲ್ಲೇ ಮರಿ ಮಾಡಿಸುತ್ತ, ಚೆನ್ನಾಗಿ ಕಾವು ಕೂರುವ, ಮರಿಗೆ ತಪ್ಪದೆ ಗುಟುಕು ಕೊಡುವ ಹಕ್ಕಿಗಳನ್ನೇ ಆರಿಸುತ್ತ ಬಂದರು. ಸುಮಾರು 250 ವರ್ಷಗಳ ಈ ಆಯ್ಕೆಯ ಫಲವೇ ಬೆಂಗಾಲೀಸ್ ಫಿಂಚ್. ಬೇರೆ ಫಿಂಚ್‌ಗಳ ಮೊಟ್ಟೆಗೂ ಕಾವು ಕೊಟ್ಟು ಸಾಕುತಾಯಿಯಾಗುವಷ್ಟು ಅದರ ಗೂಡಿನ ಗುಣ ಬೆಳೆಯಿತು. ಹಾಡು ಕೂಡ ಕಾಡಿನ ಮೂಲತಳಿಗಿಂತ ಜಟಿಲವಾಯಿತೆಂದು ಜಪಾನಿನ ವಿಜ್ಞಾನಿ ಕಜುವೊ ಒಕಾನೊಯಾ ಅವರ ಸಂಶೋಧನೆ ತೋರಿಸಿದೆ. ಇದೇ ಜಾತಿಯ ರಾಟವಾಳ ನಮ್ಮ ಪಶ್ಚಿಮಘಟ್ಟದ ಸೆರಗಿನಲ್ಲಿ ಇಂದಿಗೂ ಹಾರಾಡುತ್ತದೆ. ಜಾತಿ ಒಂದೇ, ಕೈಗೆಟುಕುವಲ್ಲಿ ಅದು ಬಲೆಯ ಹಕ್ಕಿಯಾಗಿ ಉಳಿಯಿತು, ಕೈಗೆಟುಕದಲ್ಲಿ ಗೂಡಿನ ಹಕ್ಕಿಯಾಯಿತು.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಬಯಲಿನ ಹಕ್ಕಿಯ ಗೂಡನ್ನು ಯಾರೂ ತೊಳೆಯುವುದಿಲ್ಲ. ಆದರೂ ಅದು ಮರಿ ಮಾಡುತ್ತದೆ. ಹಾಗಿದ್ದರೆ ಈ ಶುಚಿತ್ವವೆಲ್ಲ ಮನುಷ್ಯನ ಮಡಿಯಲ್ಲವೇ? ಅಲ್ಲ. ಎಷ್ಟೋ ಹಾಡುಹಕ್ಕಿಗಳು ಮರಿಗಳ ಹಿಕ್ಕೆಯನ್ನು ಕೊಕ್ಕಿನಲ್ಲಿ ಹೊತ್ತು ದೂರ ಎಸೆಯುತ್ತವೆ. ರಾಟವಾಳಗಳ ಕುಟುಂಬಕ್ಕೆ ಆ ಅಭ್ಯಾಸ ಹೆಚ್ಚಿಲ್ಲ. ಹಿಕ್ಕೆ ಗೂಡಿನ ಅಂಚಿಗೇ ಅಂಟಿ ಒಣಗುತ್ತದೆ. ಆಸ್ಟ್ರೇಲಿಯಾದ ಒಣ ಬಯಲಿನಲ್ಲಿ ಅದು ಬೇಗ ಒಣಗುವುದರಿಂದ ಬಾಧೆ ಕಡಿಮೆ. ಬೆಂಗಳೂರಿನ ಆಷಾಢ, ಶ್ರಾವಣದ ತೇವದಲ್ಲಿ, ಗಾಳಿಯಾಡದ ಬಾಲ್ಕನಿಯಲ್ಲಿ, ಅದೇ ಹಿಕ್ಕೆ ಹಸಿಯಾಗಿ ಉಳಿದು ಬೂಷ್ಟು ಹಿಡಿಯುತ್ತದೆ. ಬೂಷ್ಟಿನ ಕಣ ಹಕ್ಕಿಯ ಶ್ವಾಸಕೋಶಕ್ಕೆ ಮಾರಕ. ಮೇಲಾಗಿ ಬಯಲಿನ ಹಕ್ಕಿಗೆ ಹಾಳಾದ ಗೂಡನ್ನು ಬಿಟ್ಟುಹೋಗುವ ಸ್ವಾತಂತ್ರ್ಯವಿದೆ. ಪಂಜರದಲ್ಲಿ ಅದೇ ಕುಡಿಕೆ, ಅದೇ ಮೂಲೆ. ಜೀಬ್ರಾ ಫಿಂಚ್ ಮರಿ ಮೊಟ್ಟೆಯೊಡೆಯಲು ಸುಮಾರು ಎರಡು ವಾರ, ಗೂಡು ಬಿಡಲು ಮತ್ತೆ ಸುಮಾರು ಮೂರು ವಾರ. ನಾರು ಸಿಗುತ್ತಿದ್ದರೆ ಹಕ್ಕಿ ಹಳೆಯ ಮೊಟ್ಟೆಗಳ ಮೇಲೆಯೇ ಹೊಸ ಹಾಸು ಹಾಸಿ ಮತ್ತೆ ಮೊಟ್ಟೆಯಿಡುತ್ತದೆ. ಬಿಟ್ಟುಹೋಗುವ ದಾರಿಯನ್ನು ಕಿತ್ತುಕೊಂಡವನೇ ಗೂಡು ಶುಚಿಮಾಡುವ ಕೆಲಸವನ್ನು ಹಕ್ಕಿಯ ಪರವಾಗಿ ಮಾಡಬೇಕಾಗುತ್ತದೆ. ಮಡಿ ಅತಿಯಾದರೂ ಕೇಡೇ: ಕಾವಿನ ಹೊತ್ತಿನಲ್ಲಿ ಪದೇಪದೇ ಇಣುಕಿದರೆ ಜೋಡಿ ಮೊಟ್ಟೆಯನ್ನೇ ತೊರೆಯಬಹುದು. ಆದ್ದರಿಂದಲೇ ಅನುಭವಿಗಳು ತೊಳೆಯುವ ಕೆಲಸವನ್ನು ಮರಿ ಹಾರಿದ ಮೇಲಿನ ಬಿಡುವಿಗೆ ಇಟ್ಟುಕೊಳ್ಳುತ್ತಾರೆ.

ಎರಡನೆಯ ಆಕ್ಷೇಪ ಇನ್ನೂ ಬಲವಾದದ್ದು. ಗೂಡಿನ ಶುಚಿತ್ವ ಬಂದದ್ದು ಕಾನೂನಿನಿಂದಲ್ಲ, ಪಶುವೈದ್ಯ ವಿಜ್ಞಾನದಿಂದ ಎನ್ನಬಹುದು. ಇದಕ್ಕೆ ಬಾಗಲಗುಂಟೆಯ ರಸ್ತೆಯಲ್ಲೇ ಆಧಾರವೂ ಸಿಗುತ್ತದೆ. ಹೆಸರಘಟ್ಟದಲ್ಲಿ ಕೇಂದ್ರ ಸರ್ಕಾರದ ಕೋಳಿ ತಳಿ ಕೇಂದ್ರವಿದೆ. ಹಗಲೆಲ್ಲ ಬಿರುಕಿನಲ್ಲಿ ಅಡಗಿ ರಾತ್ರಿ ರಕ್ತ ಹೀರುವ ಕೆಂಪು ನುಸಿ, ಆಹಾರವಿಲ್ಲದೆಯೂ ತಿಂಗಳುಗಟ್ಟಲೆ ಬದುಕುತ್ತದೆ ಎಂಬ ತಿಳಿವಳಿಕೆ ಕೋಳಿ ಸಾಕಣೆಯಲ್ಲಿ ಹಳೆಯದು. ಒಂದು ತಂಡ ಖಾಲಿಯಾದ ಮೇಲೆ ಮನೆ ತೊಳೆದು, ಸುಣ್ಣ ಬಳಿದು, ಕೆಲಕಾಲ ಬರಿದಾಗಿ ಬಿಟ್ಟು ಆಮೇಲೆ ಹೊಸ ತಂಡ ತರುವ ಶಿಸ್ತೂ ಅಲ್ಲಿನದೇ. ಕುಡಿಕೆ ತೊಳೆದು ಜೋಡಿಗೆ ಬಿಡುವು ಕೊಡುವ ಫಿಂಚ್ ಸಾಕಣೆಯ ನೇಮ ಇದನ್ನೇ ಚಿಕ್ಕ ಅಳತೆಯಲ್ಲಿ ಮಾಡುತ್ತದೆ. ಆದರೆ ಈ ಆಕ್ಷೇಪವೇ ನನ್ನ ವಾದಕ್ಕೆ ಬೆಂಬಲವಾಗುತ್ತದೆ. ರಾಟವಾಳವನ್ನು ಬಣ್ಣ ಬಳಿದು ಮಾರುತ್ತಿದ್ದ ದಿನಗಳಲ್ಲೂ ಈ ತಿಳಿವಳಿಕೆ ಇತ್ತು. ಅದನ್ನು ಪಂಜರಕ್ಕೆ ತರುವ ಅಗತ್ಯ ಯಾರಿಗೂ ಕಾಣಲಿಲ್ಲ. ಕೋಳಿಯ ಗೂಡಿನಿಂದ ವರಮಾನ ಬರುತ್ತಿತ್ತು, ರಾಟವಾಳದ ಗೂಡಿನಿಂದ ಬರುತ್ತಿರಲಿಲ್ಲ. ಇನ್ನು ಶಿಸ್ತಿದ್ದ ಕಡೆಯೂ ಅಪಾಯ ತಪ್ಪುವುದಿಲ್ಲ. 2012ರ ಅಕ್ಟೋಬರ್‌ನಲ್ಲಿ ಅದೇ ಹೆಸರಘಟ್ಟದ ಕೇಂದ್ರದಲ್ಲಿ ಟರ್ಕಿ ಕೋಳಿಗಳಿಗೆ ಹಕ್ಕಿಜ್ವರ ತಗುಲಿ, ಸಾವಿರಾರು ಹಕ್ಕಿಗಳನ್ನು ಕೊಲ್ಲಬೇಕಾಯಿತು. ಪಂಜರದ ಹಕ್ಕಿಯ ಆರೋಗ್ಯ ಒಂದು ಮನೆಯ ಖಾಸಗಿ ಸಂಗತಿಯಲ್ಲ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಪಾಠ ಈ ಭಾಗಕ್ಕೆ ಇಲ್ಲ. ಬಾಗಲಗುಂಟೆಯಂಥ, ಗೋಡೆಗೆ ಗೋಡೆ ತಾಗುವ ಬಡಾವಣೆಯಲ್ಲಿ ಒಂದು ಬಾಲ್ಕನಿಯ ಕೊಳೆ ಪಕ್ಕದ ಕಿಟಕಿಗೂ ಹೋಗುತ್ತದೆ.

ಹಾಗೆಂದು ಕಾನೂನು ಎಲ್ಲವನ್ನೂ ಸರಿಮಾಡಿತೆಂದಲ್ಲ. ಬಲೆಯ ಕಸುಬನ್ನು ಕಳೆದುಕೊಂಡ ಹಕ್ಕಿಪಿಕ್ಕಿಗಳು ಬೇರೆ ಜೀವನೋಪಾಯ ಹುಡುಕಬೇಕಾಯಿತು. ಹಕ್ಕಿಯ ನಡೆನುಡಿ ಬಲ್ಲ ಅವರ ಪಾಲಿಗೆ ತಳಿಗಾರಿಕೆಯ ಲಾಭ ಒದಗಲಿಲ್ಲ. ಗೂಡಿನ ವಿದ್ಯೆ ಬೆಳೆದದ್ದು ನಗರದ ಹವ್ಯಾಸಿಗಳ ಕೈಯಲ್ಲಿ. ಇನ್ನೊಂದು ತೊಡಕೂ ಇದೆ. ಜೀಬ್ರಾ ಫಿಂಚ್ ಮೂರು ತಿಂಗಳಿಗೇ ಬೆಳೆದು ಒಮ್ಮೆಗೆ ನಾಲ್ಕರಿಂದ ಆರು ಮೊಟ್ಟೆಯಿಡುವುದರಿಂದ ಅದೂ ಈಗ ಅಗ್ಗದ ಹಕ್ಕಿ. ಅಗ್ಗವಾದದ್ದು ಮತ್ತೆ ಅಲಕ್ಷ್ಯಕ್ಕೆ ಗುರಿಯಾಗುತ್ತದೆ. ಬಯಲಿನ ಬದಲು ಯಾವುದೋ ಇಕ್ಕಟ್ಟಿನ ಫಾರಂ ಆ ಸ್ಥಾನಕ್ಕೆ ಬಂದರೆ, ಸತ್ತರೆ ಇನ್ನೊಂದು ತರುವ ಹಳೆಯ ಲೆಕ್ಕವೇ ಮುಂದುವರಿಯುತ್ತದೆ. ನನ್ನ ವಾದದ ತಿರುಳನ್ನು ಇದು ಅಲ್ಲಗಳೆಯುವುದಿಲ್ಲ. ಬದಲಿ ಸುಲಭವಾದಷ್ಟೂ ಗೂಡು ಕೊಳಕಾಗುತ್ತದೆ ಎಂಬುದನ್ನು ಇನ್ನೊಂದು ದಿಕ್ಕಿನಿಂದ ತೋರಿಸುತ್ತದೆ.

ವನ್ಯಜೀವಿ ಕಾಯ್ದೆಯ 2022ರ ತಿದ್ದುಪಡಿ ಈ ಚರಿತ್ರೆಯ ಇತ್ತೀಚಿನ ಘಟ್ಟ. ವನ್ಯಜೀವಿ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿರುವ ಜಾವಾ ಗುಬ್ಬಿಯಂಥ ಹಕ್ಕಿಯನ್ನು ಸಾಕುವವರು ಅದನ್ನು ಹೊಂದಿರುವುದನ್ನೂ, ಅದು ಕೈ ಬದಲಾಯಿಸಿದ್ದನ್ನೂ, ಹುಟ್ಟು ಸಾವುಗಳನ್ನೂ ಸರ್ಕಾರಕ್ಕೆ ತಿಳಿಸಬೇಕು. ಗೂಡಿನಲ್ಲಿ ಏನಾಯಿತೆಂಬುದು ಕಾನೂನಿನ ದಾಖಲೆಯ ವಿಷಯವಾಯಿತು. ಜೀಬ್ರಾ ಫಿಂಚ್, ಬೆಂಗಾಲೀಸ್‌ಗಳಿಗೆ ಈ ನಿಯಮ ತಾಗುವುದಿಲ್ಲ. ಅಲ್ಲಿ ಸಾಕುವವನ ಪುಸ್ತಕವೇ ದಾಖಲೆ. ಕುಡಿಕೆಯನ್ನು ಯಾವಾಗ ಬದಲಿಸಿದೆ, ಎಷ್ಟು ಮೊಟ್ಟೆ ಒಡೆಯಿತು, ಯಾವ ಜೋಡಿಗೆ ಎಷ್ಟು ಬಿಡುವು ಕೊಟ್ಟೆ ಎಂದು ಬರೆದಿಡುವವನು ಮಾತ್ರ ತನ್ನ ಹಕ್ಕಿ ಪಂಜರದಲ್ಲೇ ಹುಟ್ಟಿದ್ದೆಂದು ಧೈರ್ಯವಾಗಿ ಹೇಳಬಲ್ಲ. ಕೊಳ್ಳುವವರು ಬಣ್ಣ ಮತ್ತು ಬೆಲೆ ಕೇಳುವ ಮೊದಲು ಆ ಪುಸ್ತಕವನ್ನು ಕೇಳಬೇಕು. ಅದನ್ನು ತೋರಿಸಲಾಗದ ಅಂಗಡಿ ಹೆಸರಿಗೆ ತಳಿಗಾರನದಾದರೂ, ನಡೆಸುವ ವ್ಯಾಪಾರ ಬಲೆಯ ಕಾಲದ್ದೇ.