ನಿಂತದ್ದೇ ಒಳ್ಳೆಯದಾಯಿತು

ಮುಳಬಾಗಿಲಿನಿಂದ ಕುರುಡುಮಲೆಗೆ ಹೋದವರೆಲ್ಲ ದೊಡ್ಡ ಗಣಪನಿಗೆ ಕೈಮುಗಿದು ಬರುತ್ತಾರೆ. ಪಕ್ಕದ ಸೋಮೇಶ್ವರನ ಗುಡಿಯವರೆಗೆ ಹೋಗುವವರು ಕಡಿಮೆ. ಆ ಗುಡಿಯ ಒಂದು ಪಾಲನ್ನು ಜಕಣಾಚಾರಿ, ಇನ್ನೊಂದನ್ನು ಅವನ ಮಗ ಡಂಕಣ ಕಟ್ಟಿದರೆಂದು ಊರವರು ಹೇಳುತ್ತಾರೆ. ಬೇಲೂರಿನ ಕಥೆ ನಿಮಗೂ ಗೊತ್ತು. ವಿಗ್ರಹದ ಕಲ್ಲಿನಲ್ಲಿ ದೋಷವಿದೆಯೆಂದು ಡಂಕಣ ಪ್ರತಿಷ್ಠೆಯನ್ನೇ ತಡೆದ. ಕಲ್ಲೊಳಗೆ ಕಪ್ಪೆ ಸಿಕ್ಕಿತು. ಇದು ಐತಿಹ್ಯವೇ ಇರಬಹುದು. ಆದರೆ ನನಗೆ ಇದರ ಅರ್ಥವಾದದ್ದು ಕಂಪ್ಯೂಟರ್ ಕೆಟ್ಟ ದಿನ.

ನಮ್ಮ ಮಹಿಳಾ ಸಂಘದ ಉಳಿತಾಯದ ಲೆಕ್ಕ ಬರೆಯುತ್ತಿದ್ದೆ. ಇದ್ದಕ್ಕಿದ್ದಂತೆ ಪರದೆ ನೀಲಿಯಾಯಿತು, ನಾಲ್ಕು ಬಿಳಿ ಸಾಲು ಬಂದವು, ಯಂತ್ರ ನಿಂತಿತು. ನಾನು ಬೈದೆ. ಮಗ ನಕ್ಕ: "ಅಮ್ಮಾ, ಅದು ಬೇಕೆಂದೇ ನಿಂತಿದೆ."

ಕಂಪ್ಯೂಟರಿನ ಒಳಗೆ ಕರ್ನೆಲ್ ಎಂಬುದೊಂದು ಮನೆಯ ಯಜಮಾನಿಯಿದ್ದ ಹಾಗೆ. ಯಾರಿಗೆ ಎಷ್ಟು ಜಾಗ, ಯಾವುದನ್ನು ಎಲ್ಲಿ ಬರೆಯಬೇಕು, ಎಲ್ಲ ಅವಳದೇ ಲೆಕ್ಕ. ಅವಳ ಲೆಕ್ಕವೇ ತಪ್ಪಿದರೆ ಮುಂದೆ ಬರೆದದ್ದೆಲ್ಲ ತಪ್ಪು. ಇದ್ದ ಒಳ್ಳೆಯ ಕಡತವೂ ಹಾಳು. ಅದಕ್ಕೇ ನಿಂತುಬಿಡುತ್ತಾಳೆ.

ಇದಕ್ಕೂ ಒಂದು ಚರಿತ್ರೆಯಿದೆ. ಅಮೆರಿಕದಲ್ಲಿ 1960ರ ದಶಕದಲ್ಲಿ ಮಲ್ಟಿಕ್ಸ್ ಎಂಬ ದೊಡ್ಡ ವ್ಯವಸ್ಥೆ ಕಟ್ಟುತ್ತಿದ್ದರು. ಬೆಲ್ ಲ್ಯಾಬ್ಸ್ 1969ರಲ್ಲಿ ಅದರಿಂದ ಹೊರಬಂತು. ಅಲ್ಲಿನ ಕೆನ್ ಥಾಂಪ್ಸನ್, ಡೆನ್ನಿಸ್ ರಿಚಿ ಯುನಿಕ್ಸ್ ಹುಟ್ಟುಹಾಕಿದರು. ಮಲ್ಟಿಕ್ಸ್‌ನ ಟಾಮ್ ವ್ಯಾನ್ ವ್ಲೆಕ್ ಒಮ್ಮೆ ರಿಚಿಯ ಬಳಿ, ತಾನು ಬರೆಯುವುದರಲ್ಲಿ ಅರ್ಧದಷ್ಟು ತಪ್ಪು ಸರಿಪಡಿಸುವುದಕ್ಕೇ ಹೋಗುತ್ತದೆ ಎಂದನಂತೆ. ನಾವು ಅದನ್ನೆಲ್ಲ ಬಿಟ್ಟೆವು, ತಪ್ಪಾದರೆ 'ಪ್ಯಾನಿಕ್' ಎಂದು ಯಂತ್ರ ನಿಲ್ಲುತ್ತದೆ, ಮತ್ತೆ ಚಾಲೂ ಮಾಡಿ ಎಂದು ಕೂಗುತ್ತೇವೆ ಎಂದು ರಿಚಿ ಹೇಳಿದನಂತೆ.

ಆದರೆ ಬರೆಯುತ್ತ ಬರೆಯುತ್ತ ನಿಂತರೆ ಅರ್ಧ ಬರೆದದ್ದರ ಗತಿ? ಮೊದಲು, ಯಂತ್ರ ಮತ್ತೆ ಚಾಲೂ ಆದಾಗ ಇಡೀ ಡಿಸ್ಕನ್ನು ತಡಕಿ ನೋಡಬೇಕಿತ್ತು. ಡಿಸ್ಕ್ ದೊಡ್ಡದಾದಂತೆ ಅದಕ್ಕೆ ಗಂಟೆಗಟ್ಟಲೆ ಹಿಡಿಯತೊಡಗಿತು. ಆಮೇಲೆ ಅಂಗಡಿ ಶೆಟ್ಟರ ಉಪಾಯವೇ ಬಂತು: ಮೊದಲು ದಿನವಹಿ, ಆಮೇಲೆ ಖಾತೆ ಪುಸ್ತಕ. 1993ರ ವಿಂಡೋಸ್ ಎನ್‌ಟಿಯಲ್ಲಿ ಇದಿತ್ತು. ಇದೇ ಉಪಾಯದ ಇಎಕ್ಸ್‌ಟಿ3 2001ರಲ್ಲಿ ಲಿನಕ್ಸ್‌ನ ಮುಖ್ಯ ಕರ್ನೆಲ್ಲಿಗೆ ಸೇರಿತು. ಮತ್ತೆ ಚಾಲೂ ಆದಾಗ ದಿನವಹಿ ನೋಡಿದರೆ ಸಾಕು. ಪೂರ್ತಿಯಾದದ್ದು ಖಾತೆಗೆ ಏರುತ್ತದೆ, ಅರೆಬರೆಯಾದದ್ದು ಬಿಟ್ಟುಹೋಗುತ್ತದೆ. ಕಡತ ವ್ಯವಸ್ಥೆಯಲ್ಲೇ ದೋಷ ಕಂಡರೆ ಲಿನಕ್ಸ್‌ಗೆ ಇನ್ನೊಂದು ದಾರಿಯೂ ಉಂಟು: ಓದಲು ಬಿಟ್ಟು, ಬರೆಯಲು ಬಿಡದಿರುವುದು.

ಈ ದಿನವಹಿ ಕಾಯುವುದು ಹೆಚ್ಚಾಗಿ ಡಿಸ್ಕಿನ ಕಟ್ಟನ್ನು. ನಾನು ಉಳಿಸದೆ ಬಿಟ್ಟದ್ದನ್ನಲ್ಲ. ಹಳೆಯ ಲೆಕ್ಕವೆಲ್ಲ ಭದ್ರವಾಗಿತ್ತು. ಆ ಸಂಜೆ ಬರೆದ ಏಳು ಜನರ ಕಂತು ಮಾತ್ರ ಹೋಗಿತ್ತು. ಕೂಲಿಯ ದುಡ್ಡು ಅದು. ಊಹಿಸಿ ತುಂಬಿದ್ದರೆ ಮೊತ್ತ ಸರಿಹೋಗುತ್ತಿತ್ತೇನೋ, ಹೆಸರು ಸರಿಹೋಗುತ್ತಿರಲಿಲ್ಲ. ಮರುದಿನ ಏಳೂ ಮನೆಗೆ ಹೋಗಿ, "ನನ್ನ ಲೆಕ್ಕ ತಪ್ಪಿದೆ, ನೀವು ಎಷ್ಟು ಕೊಟ್ಟಿರಿ?" ಎಂದು ಕೇಳಿದೆ. ನಾಚಿಕೆಯಾಯಿತು, ನಿಜ. ಏಳೂ ಜನ ಹೇಳಿದ್ದು ಪೆಟ್ಟಿಗೆಯ ದುಡ್ಡಿಗೆ ಸರಿಯಾಗಿ ಕೂಡಿತು.

ಈಗ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೇ ಕಂಪ್ಯೂಟರಿಗೆ ಏರಿಸುತ್ತೇನೆ. ಕುರುಡುಮಲೆಗೆ ಹೋದಾಗ ಸೋಮೇಶ್ವರನ ಗುಡಿಗೂ ತಪ್ಪದೆ ಹೋಗುತ್ತೇನೆ.