ಚಂದ್ರವಳ್ಳಿಯ ಶಾಸನಪಾಠವೂ ಸಂಶೋಧನ ಪತ್ರಿಕೆಗಳ ಹೊಣೆಯೂ

ಚಿತ್ರದುರ್ಗದ ಕೋಟೆಬೆಟ್ಟ, ಕಿರುಬನಕಲ್ಲು, ಚೋಳಗುಡ್ಡಗಳ ನಡುವಣ ಚಂದ್ರವಳ್ಳಿಯಲ್ಲಿ, ಭೈರವೇಶ್ವರ ದೇವಾಲಯದ ಬಳಿಯ ಬಂಡೆಯ ಮೇಲೆ ಮೂರು ಸಾಲಿನ ಪ್ರಾಕೃತ ಶಾಸನವೊಂದಿದೆ. ಕದಂಬರ ಮಯೂರಶರ್ಮನು ಅಲ್ಲಿ ಕೆರೆಯೊಂದನ್ನು ಕಟ್ಟಿಸಿದನೆಂಬುದು ಅದರ ಮುಖ್ಯ ವಿಷಯ. ಡಾ. ಎಂ. ಎಚ್. ಕೃಷ್ಣ ಅವರು ಮೈಸೂರು ಪ್ರಾಕ್ತನ ಇಲಾಖೆಯ 1929ನೆಯ ವರ್ಷದ ವರದಿಯಲ್ಲಿ ಇದನ್ನು ಪ್ರಕಟಿಸಿದರು. ಸಂಶೋಧನ ಲೇಖನಗಳನ್ನು ಅಚ್ಚು ಮಾಡುವವರ ನೈತಿಕ ಹೊಣೆ ಏನೆಂಬುದನ್ನು ವಿಚಾರಿಸಲು ಈ ಮೂರು ಸಾಲುಗಳಿಗಿಂತ ತಕ್ಕ ಉದಾಹರಣೆ ನಮ್ಮ ಜಿಲ್ಲೆಯಲ್ಲಿ ದೊರೆಯಲಾರದು.

ಕೃಷ್ಣ ಅವರ ಪಾಠದಂತೆ ಮಯೂರಶರ್ಮನು ತ್ರೈಕೂಟ, ಆಭೀರ, ಪಲ್ಲವ, ಪಾರಿಯಾತ್ರಿಕ, ಶಕಸ್ಥಾನ, ಸಯಿಂದಕ, ಪುನ್ನಾಟ, ಮೌಖರಿಗಳನ್ನು ಗೆದ್ದವನು. ಇದು ನಿಜವಾದರೆ ಕದಂಬರ ಸೇನೆ ವಿಂಧ್ಯವನ್ನು ದಾಟಿ ಉತ್ತರಾಪಥವನ್ನು ಮುಟ್ಟಿರಬೇಕು. ಆದರೆ ಆತನ ಚರಿತ್ರೆಯನ್ನು ವಿಸ್ತಾರವಾಗಿ ಹೇಳುವ ತಾಳಗುಂದದ ಸ್ತಂಭಶಾಸನದಲ್ಲಿ ಪಲ್ಲವರೊಡನೆ ನಡೆದ ವಿರೋಧವುಂಟೇ ಹೊರತು ಮೌಖರಿಗಳ ಸುದ್ದಿಯಿಲ್ಲ. ಬಂಡೆಯ ಅಕ್ಷರಗಳು ಸವೆದಿರುವುದರಿಂದ ಅನಂತರದ ಶಾಸನಜ್ಞರು ಈ ಹೆಸರುಗಳ ವಿಷಯದಲ್ಲಿ ಸಂದೇಹಪಟ್ಟರು. ಚಿತ್ರದುರ್ಗದ ಸಂಶೋಧಕರಾದ ಡಾ. ಬಿ. ರಾಜಶೇಖರಪ್ಪ ಅವರು ಮತ್ತೆ ಪರಿಶೀಲಿಸಿ ಬೇರೆ ಪಾಠವನ್ನು ಸೂಚಿಸಿದರು.

ಇದರಿಂದ ಕೃಷ್ಣ ಅವರ ಗೌರವಕ್ಕೆ ಕುಂದೇನೂ ಇಲ್ಲ. ಸ್ಥಳವನ್ನೂ ಪಾಠವನ್ನೂ ಅವರು ಎಲ್ಲರ ಮುಂದಿಟ್ಟಿದ್ದರಿಂದಲೇ ಇತರರು ಬಂಡೆಯ ಬಳಿಗೆ ಹೋಗಿ ಒರೆಹಚ್ಚಿ ನೋಡಲು ಸಾಧ್ಯವಾಯಿತು. ತಪ್ಪಿರುವುದು ಅನಂತರ ಬರೆದವರಲ್ಲಿ. ಎಂಟು ಹೆಸರುಗಳ ಪಟ್ಟಿ ಪುಸ್ತಕದಿಂದ ಪುಸ್ತಕಕ್ಕೆ, ಪರೀಕ್ಷೆಯ ಟಿಪ್ಪಣಿಗಳಿಗೆ ಹರಿದುಬಂದಿದೆ. ಅದರ ಬೆನ್ನಿಗಿದ್ದ ಸಂದೇಹ ಮಾತ್ರ ದಾರಿಯಲ್ಲೇ ಉಳಿದಿದೆ. ವಿದ್ಯಾರ್ಥಿಯು ಅದನ್ನು ನಿಶ್ಚಿತ ಸಂಗತಿಯೆಂದೇ ಬರೆದು ಅಂಕ ಪಡೆಯುತ್ತಾನೆ.

ಮೊಳಕಾಲ್ಮೂರು ತಾಲ್ಲೂಕಿನ ಅಶೋಕ ಶಾಸನಗಳ ಕಥೆ ಇದಕ್ಕಿಂತ ಸಮಾಧಾನಕರ. ಬಿ. ಎಲ್. ರೈಸ್ ಅವರು 1892ರಲ್ಲಿ ಅವನ್ನು ಕಂಡು ಅದೇ ವರ್ಷ ಪ್ರಕಟಿಸಿದರು. ಬ್ಯೂಲರ್ ಮುಂತಾದ ವಿದ್ವಾಂಸರು ಬೇಗನೆ ಪರಿಷ್ಕರಣಕ್ಕೆ ತೊಡಗಿದರು. (ಅಲ್ಲಿಯ ಲಿಪಿಕಾರ ಚಪಡನು ತನ್ನ ಹೆಸರನ್ನು ಬ್ರಾಹ್ಮಿಯಲ್ಲಿ ಬರೆದು, ‘ಲಿಪಿಕರೇಣ’ ಎಂಬ ಮಾತನ್ನು ಖರೋಷ್ಠಿಯಲ್ಲಿ ಕೆತ್ತಿದ್ದಾನೆ. ಬರೆದವನ ಹೆಸರು ಉಳಿಯಬೇಕೆಂಬ ಆಸೆ ನಮ್ಮ ನಾಡಿನಲ್ಲಿ ಅಷ್ಟು ಹಳೆಯದು!) ವ್ಹೀಲರ್ ಅವರು 1947ರಲ್ಲಿ ಬ್ರಹ್ಮಗಿರಿ, ಚಂದ್ರವಳ್ಳಿಗಳಲ್ಲಿ ನಡೆಸಿದ ಉತ್ಖನನದ ವರದಿಯೂ ‘ಏನ್ಶಿಯಂಟ್ ಇಂಡಿಯಾ’ದ 4ನೆಯ ಸಂಚಿಕೆಯಲ್ಲಿ ತಡವಿಲ್ಲದೆ ಬಂದಿತು. ಅಗೆದುದನ್ನು ದಶಕಗಳ ಕಾಲ ಅಚ್ಚಿಗೆ ಕೊಡದೆ ಕೂಡಿಡುವುದೂ ಒಂದು ಬಗೆಯ ಅಪಚಾರವೇ.

ಇಂದಿನ ನಿಯಮಗಳು ಮುಖ್ಯವಾಗಿ ಕೃತಿಚೌರ್ಯದ ಕಡೆ ನೋಡುತ್ತವೆ. ವಿಶ್ವವಿದ್ಯಾಲಯ ಅನುದಾನ ಆಯೋಗದ 2018ರ ನಿಬಂಧನೆಗಳಂತೆ ಶೇಕಡ 10ರವರೆಗಿನ ಹೋಲಿಕೆಗೆ ದಂಡನೆಯಿಲ್ಲ. ಮೇಲಿನ ಪಟ್ಟಿಯನ್ನು ಸ್ವಂತ ವಾಕ್ಯದಲ್ಲಿ ಬರೆದವನನ್ನು ಯಾವ ಯಂತ್ರವೂ ಹಿಡಿಯಲಾರದು. ಒಳ್ಳೆಯ ಪತ್ರಿಕೆಗಳನ್ನು ಗುರುತಿಸಲು 2019ರಲ್ಲಿ ಆರಂಭಿಸಿದ ಕೇರ್ ಪಟ್ಟಿಯನ್ನು ಆಯೋಗವು 2025ರಲ್ಲಿ ಕೈಬಿಟ್ಟಿತು. ವಿವೇಚನೆಯ ಭಾರ ಈಗ ಆಯಾ ಸಂಸ್ಥೆಗಳ ಮೇಲೆ ಬಿದ್ದಿದೆ. ಹಣ ಪಡೆದು ವಾರದೊಳಗೆ ಲೇಖನ ಮುದ್ರಿಸುವ ಪತ್ರಿಕೆಗಳಿಗೆ ಬಡ್ತಿಯನ್ನು ಬಯಸುವ ಅಧ್ಯಾಪಕರೇ ಗಿರಾಕಿಗಳೆಂಬುದನ್ನು ಮರೆಮಾಡಿ ಫಲವಿಲ್ಲ.

ಇಲಾಖೆಗಳ ವಾರ್ಷಿಕ ಸಂಚಿಕೆಗಳು ಚಿಕ್ಕವಾದರೂ ಮಾಡಬಹುದಾದುದು ಬಹಳವಿದೆ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳಿಂದ ವಿದ್ಯಾರ್ಥಿಯೊಬ್ಬನು ವೀರಗಲ್ಲಿನ ಶಾಸನವೊಂದನ್ನು ತಂದಾಗ, ತಾನು ಕಲ್ಲನ್ನು ಕಂಡು ಓದಿದನೋ, ಛಾಯಾಚಿತ್ರದಿಂದ ಓದಿದನೋ, ಹಳೆಯ ಪುಸ್ತಕದಿಂದ ತೆಗೆದನೋ ಎಂಬುದನ್ನು ಸಂಪಾದಕರು ಕೇಳಿ ಅಚ್ಚು ಮಾಡಬೇಕು. ಸಂದೇಹದ ಅಕ್ಷರಗಳು ಕಂಸದಲ್ಲಿರಲಿ, ಚಿತ್ರ ಜೊತೆಗಿರಲಿ. ಕಲ್ಲನ್ನು ತೋರಿಸಿದ ಊರಿನವನ ಹೆಸರು, ಅವನು ಒಪ್ಪಿದಲ್ಲಿ, ಲೇಖನದೊಳಗೇ ಬರಲಿ. ಮುಂದೆ ಯಾರಾದರೂ ಬೇರೆ ಪಾಠವನ್ನು ಕಳುಹಿಸಿದರೆ ಅದು ಕೊನೆಯ ಪುಟದ ಮೂಲೆಯಲ್ಲಿ ಅಡಗದೆ, ವಿಷಯಸೂಚಿಯಲ್ಲಿ ಮೂಲ ಲೇಖನದ ಹೆಸರಿನೊಡನೆ ಕಾಣಿಸಿಕೊಳ್ಳಲಿ.